ಲಿವರ್ ಬೇರೆ, ಕರುಳು ಬೇರೆ: ನಿಮ್ಮ ಲೇಖನ ಓದಿದ ಮೇಲೆ

ನಮಸ್ಕಾರ. ಲಿವರ್ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಟ್ಯೂಮರ್ ಸಪ್ರೆಸರ್ ಜೀನ್‌ಗಳ, ಅಂದರೆ ಗಡ್ಡೆ ಬೆಳೆಯದಂತೆ ತಡೆಯುವ ಜೀನ್‌ಗಳ, ಪಾತ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದನ್ನು ಓದುವವರಲ್ಲಿ ಎಷ್ಟೋ ಜನ ಮನೆಯವರ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಓದುತ್ತಾರೆ, ಅದಕ್ಕೇ ಇಷ್ಟು ನೇರವಾಗಿ ಬರೆಯುತ್ತಿದ್ದೇನೆ.

ಮೊದಲು ಮೂರನೇ ಪ್ಯಾರಾ. "ಪಿ53 ಕ್ಯಾನ್ಸರ್ ತರುವ ಜೀನ್" ಎಂದಿದ್ದೀರಿ. ಪೂರ್ತಿ ಉಲ್ಟಾ. ಡಿಎನ್‌ಎ ಹಾಳಾದ ಜೀವಕೋಶ ಎರಡಾಗದಂತೆ ಅದು ತಡೆಯುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ, ರಿಪೇರಿ ಆಗದಿದ್ದರೆ ಆ ಕೋಶ ಸಾಯುವಂತೆ ಮಾಡುತ್ತದೆ. ಅದು ಕೆಟ್ಟಾಗಲೇ ತೊಂದರೆ. ಈ ತಪ್ಪು ನಿಮ್ಮೊಬ್ಬರದಲ್ಲ ಬಿಡಿ. 1979ರಲ್ಲಿ ಪಿ53 ಸಿಕ್ಕಾಗ ವಿಜ್ಞಾನಿಗಳೂ ಸುಮಾರು ಹತ್ತು ವರ್ಷ ಹಾಗೇ ಅಂದುಕೊಂಡಿದ್ದರು. 1989ರಲ್ಲಿ ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ಬರ್ಟ್ ವೋಗೆಲ್‌ಸ್ಟೀನ್ ಅವರ ತಂಡ ದೊಡ್ಡ ಕರುಳಿನ ಗಡ್ಡೆಗಳನ್ನು ಪರೀಕ್ಷಿಸಿ ನೋಡಿದರೆ, 17ನೇ ಕ್ರೋಮೋಸೋಮಿನ ಒಂದು ತುಂಡೇ ಕಳೆದುಹೋಗಿತ್ತು, ಜೋಡಿಯಲ್ಲಿ ಉಳಿದಿದ್ದ ಇನ್ನೊಂದು ಪಿ53 ಪ್ರತಿಯೂ ಕೆಟ್ಟಿತ್ತು. ಎರಡೂ ಪ್ರತಿ ಹೋದರೆ ಮಾತ್ರ ಗಡ್ಡೆ ಎಂಬ ಲೆಕ್ಕವನ್ನು ಇನ್ನೊಬ್ಬ ವಿಜ್ಞಾನಿ ಆಲ್‌ಫ್ರೆಡ್ ನಡ್ಸನ್ 1971ರಲ್ಲೇ ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ ಹೇಳಿದ್ದರು. ಇಷ್ಟು ಒಳ್ಳೇ ಕಥೆ ಕೈಯಲ್ಲಿರುವಾಗ "ಜೀನ್ ಎಂದರೇನು" ಅಂತ ಯಾಕೆ ಶುರು ಮಾಡಬೇಕು? 1989ರಿಂದಲೇ ಶುರು ಮಾಡಿ.

"ಬ್ರೇಕ್ ಫೇಲ್" ಹೋಲಿಕೆ ಒಂಬತ್ತು ಸಲ ಬಂದಿದೆ. ಒಂದು ಸಲವೂ ಬೇಡ. ಈ ಜೀನ್‌ಗಳೆಲ್ಲ ಮಾಡುವುದು ಒಂದೇ ಕೆಲಸ ಅಲ್ಲ. ಬೀಟಾ-ಕೆಟೆನಿನ್ ಎಂಬ ಪ್ರೋಟೀನ್ ಜಾಸ್ತಿಯಾದರೆ ಕೋಶ ಬೆಳೆಯುತ್ತಲೇ ಹೋಗುತ್ತದೆ, ಅದನ್ನು ಆಗಾಗ ಒಡೆದುಹಾಕುವ ಪ್ರೋಟೀನ್‌ಗಳ ಗುಂಪಿನಲ್ಲಿ ಎಪಿಸಿ ಎಂಬ ಜೀನಿನ ಪ್ರೋಟೀನ್ ಇದೆ. ಎಂಎಲ್‌ಎಚ್1 ಎಂಬ ಜೀನ್ ಮಾಡುವುದು ಕರಡು ತಿದ್ದುವ ಕೆಲಸ, ಡಿಎನ್‌ಎ ನಕಲಾಗುವಾಗ ನುಸುಳಿದ ಅಕ್ಷರದೋಷ ಸರಿ ಮಾಡುವುದು.

ಇನ್ನು ದೊಡ್ಡ ತಕರಾರು. ಶೀರ್ಷಿಕೆಯಲ್ಲಿ ಎರಡು ಅಂಗಗಳಿವೆ, ಒಳಗೆ ಮಾತ್ರ ಎರಡನ್ನೂ ಕಲಸಿಬಿಟ್ಟಿದ್ದೀರಿ. ಕರುಳಿನಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಎಪಿಸಿ, ಸುಮಾರು 80 ಶೇಕಡಾ ಗಡ್ಡೆಗಳಲ್ಲಿ ಅದು ಕೆಟ್ಟಿರುತ್ತದೆ. ಕರುಳಿನ ಒಳಗೋಡೆಯಲ್ಲಿ ಚಿಕ್ಕದೊಂದು ಪಾಲಿಪ್, ಅಂದರೆ ಗಂಟಿನಂಥ ಬೆಳವಣಿಗೆ, ಹುಟ್ಟುತ್ತದೆ, ಮುಂದೆ ಒಂದೊಂದೇ ಜೀನ್ ಕೆಡುತ್ತಾ ಅದು ಕ್ಯಾನ್ಸರ್ ಆಗಲು ಹತ್ತು ವರ್ಷವೋ ಇನ್ನೂ ಜಾಸ್ತಿಯೋ ಹಿಡಿಯುತ್ತದೆ, ಅಷ್ಟರೊಳಗೆ ಕೊಲೊನೊಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಪಾಲಿಪ್ ಕಂಡರೆ ಅಲ್ಲೇ ಕತ್ತರಿಸಿ ತೆಗೆಯಬಹುದು. ಇದನ್ನು ನೀವು ಬರೆದೇ ಇಲ್ಲ! ಓದುಗರಿಗೆ ಬೇಕಾದದ್ದೇ ಇದು ಅಲ್ವಾ?

ಲಿವರ್‌ನಲ್ಲಿ ಎಪಿಸಿ ಕೆಡುವುದು ಅಪರೂಪ. ಅಲ್ಲಿ ಬೀಟಾ-ಕೆಟೆನಿನ್ ಜೀನೇ ಕೆಡುತ್ತದೆ, ಇಲ್ಲವೇ ಅದನ್ನು ಒಡೆಯುವ ಗುಂಪಿನ ಇನ್ನೊಂದು ಜೀನ್ ಆಕ್ಸಿನ್1. ಪಾಲಿಪ್ ಇಲ್ಲ. ಹೆಪಟೈಟಿಸ್ ಬಿ, ಸಿ ಅಥವಾ ಕುಡಿತದಿಂದ ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್ ಸತ್ತ ಕೋಶಗಳ ಜಾಗ ತುಂಬಲು ಮತ್ತೆ ಮತ್ತೆ ಬೆಳೆಯಬೇಕಾಗುತ್ತದೆ, ಪ್ರತಿ ಸಲವೂ ತಪ್ಪಾಗುವ ಅವಕಾಶ ಹೆಚ್ಚುತ್ತದೆ. ಬೂಷ್ಟು ಹಿಡಿದ ಜೋಳ, ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಪಿ53 ಜೀನಿನ 249ನೇ ಕೋಡಾನ್‌ನಲ್ಲೇ (ಡಿಎನ್‌ಎಯ ಮೂರಕ್ಷರದ ಒಂದು ಪದ) ಗುರುತು ಬಿಡುತ್ತದೆ, ಜಿ ಎಂಬ ಅಕ್ಷರ ಇದ್ದಲ್ಲಿ ಟಿ. ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಲಿವರ್ ಗಡ್ಡೆಗಳಲ್ಲಿ ಇದು ಕಂಡದ್ದು 1991ರಲ್ಲಿ ವರದಿಯಾಯಿತು. ಒಂದೇ ಅಕ್ಷರ ಬದಲಾದದ್ದರಿಂದ ಯಾವ ವಿಷ ಎಂದು ಊಹಿಸಬಹುದು. ಇದಕ್ಕೆ ಒಂದು ಇಡೀ ಪ್ಯಾರಾ ಕೊಡಿ.

ಐದನೇ ಪುಟದಲ್ಲಿ ಕರುಳಿನಿಂದ ಲಿವರ್‌ಗೆ ಹರಡಿದ ರೋಗವನ್ನು "ಲಿವರ್ ಕ್ಯಾನ್ಸರ್" ಎಂದಿದ್ದೀರಿ. ಅದು ಲಿವರ್‌ನಲ್ಲಿ ಕೂತ ಕರುಳಿನ ಕ್ಯಾನ್ಸರ್. ಆ ಕೋಶಗಳು ಕರುಳಿನವೇ, ಔಷಧವೂ ಅದಕ್ಕೆ ತಕ್ಕದ್ದೇ. ಈ ಗೊಂದಲ ಮಾತ್ರ ಉಳಿಯಲೇಬಾರದು.

ಕೊನೆಯದಾಗಿ, "ಅಪ್ಪ ಅಮ್ಮನಿಗೆ ಬಂದಿದ್ದರೆ ಮಕ್ಕಳಿಗೂ ಖಚಿತ" ಎಂಬ ಸಾಲು. ದಯವಿಟ್ಟು ತೆಗೆಯಿರಿ. ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಹಾಗೆ ವಂಶದಲ್ಲಿ ಬರುವುದಲ್ಲ, ಜೀನ್ ಕೆಡುವುದು ಬದುಕಿನ ನಡುವೆ, ಆ ಕೋಶದಲ್ಲಿ ಮಾತ್ರ. ಎಪಿಸಿಯ ಕೆಟ್ಟ ಪ್ರತಿ ಹುಟ್ಟಿನಿಂದಲೇ ಇರುವ ಕುಟುಂಬಗಳೂ ಇವೆ. ಅವರಿಗೆ ಚಿಕ್ಕ ವಯಸ್ಸಿನಲ್ಲೇ ನೂರಾರು ಪಾಲಿಪ್‌ಗಳು ಬರುತ್ತವೆ. ಅಲ್ಲೂ ಆ ಕೆಟ್ಟ ಪ್ರತಿ ಒಂದೊಂದು ಮಗುವಿಗೂ ಹೋಗುವ ಸಾಧ್ಯತೆ ಅರ್ಧಕ್ಕರ್ಧ, ಮತ್ತು ಮೊದಲೇ ಗೊತ್ತಾದರೆ ತಪಾಸಣೆ, ಆಪರೇಷನ್‌ನಿಂದ ಕಾಪಾಡಬಹುದು.

ಪಟ್ಟಿಯಲ್ಲಿರುವ ಹದಿನಾಲ್ಕು ಜೀನ್‌ಗಳಲ್ಲಿ ನಾಲ್ಕು ಸಾಕು. ಕೆರಾಸ್ ಅನ್ನು ಮೊದಲು ತೆಗೆಯಿರಿ, ಅದು ಟ್ಯೂಮರ್ ಸಪ್ರೆಸರ್ ಜೀನೇ ಅಲ್ಲ. ತಿದ್ದಿ ನನಗೇ ಕಳಿಸಿ, ನಾನೇ ಓದುತ್ತೇನೆ.