31ಕ್ಕೇ ಮ್ಯಾಮೊಗ್ರಫಿ ಬೇಕಾ?

ಡೊಂಬಿವಲಿಯಿಂದ ಕೇಳಿದ್ದೀರಿ: ಅಮ್ಮನಿಗೆ 46ಕ್ಕೆ ಸ್ತನ ಕ್ಯಾನ್ಸರ್ ಗೊತ್ತಾಯಿತು, ಈಗ ಅವರಿಲ್ಲ, ನನಗೆ 31, ಈಗಲೇ ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ) ಮಾಡಿಸಲಾ ಅಂತ.

ನನ್ನಮ್ಮನೂ ಇದರಲ್ಲೇ ಹೋದರು. 'ನೋವಿಲ್ಲವಲ್ಲ' ಅಂತ ಏಳು ತಿಂಗಳು ಗಂಟನ್ನು ಸೆರಗಿನಡಿ ಮುಚ್ಚಿಟ್ಟಿದ್ದರು.

ಸುಮ್ನೆ ಲ್ಯಾಬಿಗೆ ಓಡಬೇಡಿ. ಮೊದಲು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಕ್ಯಾನ್ಸರ್ ವಂಶದಲ್ಲಿ ಹರಿದು ಬಂದಿರಬಹುದಾ ಅಂತ ತಜ್ಞರ ಹತ್ತಿರ ಮಾತಾಡಿ. ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರ ಕ್ಯಾನ್ಸರ್ ಕೇಂದ್ರ ಆಕ್ಟ್ರೆಕ್‌ನಲ್ಲಿ ಅದಕ್ಕೆ ಕ್ಲಿನಿಕ್ ಇದೆ. ತಾಯಿಗೆ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಅನ್ನುವ ಜೀನ್‌ನಲ್ಲಿ ದೋಷವಿದ್ದರೆ ಮಗಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಜಾಸ್ತಿ ಸ್ತನ ಕ್ಯಾನ್ಸರ್‌ಗಳು ವಂಶದಿಂದ ಬಂದವಲ್ಲ. ಅಪ್ಪನ ಕಡೆಯವರ ವಿವರವನ್ನೂ ಒಯ್ಯಿರಿ, ದೋಷ ಅಲ್ಲಿಂದಲೂ ಬರುತ್ತದೆ. ಅಮ್ಮನ ಬಯಾಪ್ಸಿ ರಿಪೋರ್ಟ್ ಎಸೆದಿಲ್ಲ ಅಲ್ವಾ? ಅದನ್ನೂ ಒಯ್ಯಿರಿ.

ಸಾಮಾನ್ಯವಾಗಿ ತಾಯಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು ತಪಾಸಣೆ ಶುರು ಮಾಡುತ್ತಾರೆ, ಅಂದರೆ ನಿಮಗೆ 36. ಜೀನ್ ದೋಷ ಸಿಕ್ಕರೆ ಇನ್ನೂ ಮುಂಚೆ, ಎಂಆರ್‌ಐ ಸ್ಕ್ಯಾನ್‌ನಿಂದ ಶುರು ಮಾಡುತ್ತಾರೆ. ಆದರೆ ಗಂಟು ಕೈಗೆ ಸಿಕ್ಕರೆ ಈ ಲೆಕ್ಕವೆಲ್ಲ ಬಿಟ್ಟು ಅವತ್ತೇ ಡಾಕ್ಟರ್ ಹತ್ತಿರ ಹೋಗಿ.