ನೀಲಗಿರಿ ನೆಟ್ಟವರು ಸಂಪ್ರದಾಯಸ್ಥರೇ?

ಮುಳಬಾಗಿಲಿನ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಸಾರ ಇಷ್ಟು: 'ಸಂಪ್ರದಾಯವಾದ ಅನ್ನೋದು ಆಳುವವರ ಕೊಡೆ. ಹಳೆಯದು ಉಳಿಯಲಿ ಅನ್ನುವವನ ಹೆಸರಲ್ಲಿ ಪಹಣಿ ಇದ್ದೇ ಇರುತ್ತದೆ. ನೀವೇಕೆ ಪ್ರತಿ ಸಂಚಿಕೆಯಲ್ಲೂ ಕೆರೆ, ಗೋಮಾಳ ಅಂತ ಅದೇ ರಾಗ ಎಳೆಯುತ್ತೀರಿ?'

ಪಹಣಿಯ ಮಾತು ಸೊಗಸಾಗಿದೆ, ಕದ್ದಿಟ್ಟುಕೊಂಡಿದ್ದೇನೆ. ನಿಜವೂ ಇಲ್ಲದಿಲ್ಲ. 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಮಾತು ಬಂದಾಗ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ ಒಪ್ಪದೆ ದಿವಾನಗಿರಿ ಬಿಟ್ಟರು. ಆದರೆ ಕೈಗಾರಿಕೆಯನ್ನೇ ಜಪಿಸಿದ ಅವರನ್ನು ಸಂಪ್ರದಾಯಸ್ಥ ಎನ್ನಲಾದೀತೇ?

ಆಳುವವರಿಗೆ ಹಳೆಯದರ ಮೋಹವಿಲ್ಲ ಸ್ವಾಮಿ, ಅವರ ಬಾಯಲ್ಲಿರುವುದು ಅಭಿವೃದ್ಧಿ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ, ವಿಶ್ವಬ್ಯಾಂಕಿನ ದುಡ್ಡಲ್ಲಿ, ಕೋಲಾರದ ರಾಗಿ ಹೊಲಕ್ಕೆ ನೀಲಗಿರಿ ಬಂತು. ರಾಗಿಗೆ ಕಳೆ ಕೀಳಲು ಆಳು ಬೇಕು, ನೀಲಗಿರಿಗೆ ಯಾರೂ ಬೇಡ. ಕುಡುಗೋಲನ್ನು ಸೂರಿಗೆ ಸಿಕ್ಕಿಸಿ, ಬಂಗಾರಪೇಟೆ ರೈಲು ಹತ್ತಿ ಗಾರೆ ಕೆಲಸಕ್ಕೆ ಹೋದವರು ಯಾರೆಂದು ನಿಮಗೆ ಹೇಳಬೇಕೇ? 1983ರಲ್ಲಿ ತುಮಕೂರು ಸೀಮೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಅಲ್ಲಿ ಹಳೆಯದಕ್ಕೆ ಜೋತುಬಿದ್ದವರು ಯಾರು, ಆಳುವವರು ಯಾರು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಕಿತ್ತು, ಉಳುಮೆ ಮಾಡದವರಿಗೂ ಹೊಲ ಕೊಳ್ಳಲು ಬಾಗಿಲು ತೆರೆದದ್ದೂ ಸುಧಾರಣೆಯ ಹೆಸರಲ್ಲೇ.

ನೀವು ಬೈದಿರುವ, ಸಂಪ್ರದಾಯವಾದದ ಪಿತಾಮಹ ಅನಿಸಿಕೊಂಡ ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಜರಿದದ್ದು ಹೌದು. ಅದೇ ಬರ್ಕ್, ಭಾರತದಲ್ಲಿ ದಬ್ಬಾಳಿಕೆ ನಡೆಸಿದನೆಂದು ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಕಟಕಟೆಗೆ ಎಳೆದ. ವಿಚಾರಣೆ ಏಳು ವರ್ಷ ನಡೆಯಿತು. ಅದು ನಿಮ್ಮ ನಾಲ್ಕು ಪುಟದಲ್ಲಿ ಎಲ್ಲಿದೆ? ಅರ್ಧ ಓದಿ ಪೂರ್ತಿ ಬೈಯುವುದು ಈಗಿನ ಚಾಳಿ, ನಿಮಗೇಕೆ ಅದು?

ನಮ್ಮಜ್ಜಿ ಊರಿನ ನೀರಗಂಟಿ ತೂಬು ಎತ್ತಿದರೆ ಗೌಡರ ಗದ್ದೆಗೂ ಕೊನೇ ಗದ್ದೆಗೂ ಸರದಿ ತಪ್ಪುತ್ತಿರಲಿಲ್ಲ. ನಡುರಾತ್ರಿಯಲ್ಲೂ ಗುದ್ದಲಿ ಹೆಗಲಿಗೇರಿಸಿ ಏರಿ ಮೇಲೆ ನಡೆಯುತ್ತಿದ್ದ. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಅವನ ಪಾಲು. ಊರಿಗೆಲ್ಲ ನೀರು ಹಂಚಿದವನು ಊರ ಬಾವಿ ಮುಟ್ಟುವಂತಿರಲಿಲ್ಲ ಎಂದು ಮರುಪತ್ರ ಬರೆಯುತ್ತೀರಿ, ಗೊತ್ತು. ಬರೆಯಿರಿ, ಅಚ್ಚು ಹಾಕುತ್ತೇನೆ. ಆ ಬಾವಿ ಈಗ ಬತ್ತಿದೆ, ಕೆರೆ ತುಂಬ ಜಾಲಿ. ಅವನ ಮೊಮ್ಮಗ, ಗೌಡರ ಮೊಮ್ಮಗ ಇಬ್ಬರೂ ಬೆಳಿಗ್ಗೆ ಆರ್‌ಒ ಘಟಕದ ಮುಂದೆ ಕ್ಯಾನ್ ಹಿಡಿದು ಒಂದೇ ಸಾಲಲ್ಲಿ ನಿಲ್ಲುತ್ತಾರೆ, ಐದು ರೂಪಾಯಿ ನಾಣ್ಯಕ್ಕೆ ಜೇಬು ತಡಕುತ್ತಾ.