ಯಾರು ಮಾಡಿದರು, ಅದನ್ನು ಬರೆಯಿರಿ

ನಮಸ್ಕಾರ.

ಬ್ರಿಟನ್ನಿನ ರಾಜಮನೆತನ, ಅಲ್ಲಿನ ಜನ, ಅಲ್ಲಿನ ಪತ್ರಿಕೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ 1936ರ ಭಾಗಕ್ಕೆ ಚೆನ್ನಾಗಿ ಓದಿಕೊಂಡಿದ್ದೀರಿ. ಆದರೆ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

‘ಮಾಧ್ಯಮಗಳ ಹಸಿವಿಗೆ ಡಯಾನಾ ಬಲಿಯಾದಳು’ ಎಂದು ಬರೆದಿದ್ದೀರಿ. ಈ ಸಾಲಿನಲ್ಲಿ ತಪ್ಪು ಮಾಡಿದ ಮನುಷ್ಯ ಒಬ್ಬನೂ ಇಲ್ಲ. ಪ್ಯಾರಿಸ್ಸಿನ ಸುರಂಗದಲ್ಲಿ 1997ರ ಆಗಸ್ಟ್ 31ರಂದು ನಡೆದ ಕಾರು ಅಪಘಾತವನ್ನು ಲಂಡನ್ನಿನಲ್ಲಿ ತಿಂಗಳುಗಟ್ಟಲೆ ವಿಚಾರಿಸಿ, 2008ರಲ್ಲಿ ಜ್ಯೂರಿ ತೀರ್ಪು ಕೊಟ್ಟಿದೆ. ಕುಡಿದು ಕಾರು ಓಡಿಸಿದ ಆಂರಿ ಪಾಲ್‌ನ ತೀರಾ ಬೇಜವಾಬ್ದಾರಿ ಒಂದು ಕಡೆ, ಬೆನ್ನುಹತ್ತಿದ ಗಾಡಿಗಳವರ ಬೇಜವಾಬ್ದಾರಿ ಇನ್ನೊಂದು ಕಡೆ. ಎರಡನ್ನೂ ಜ್ಯೂರಿ ಹೆಸರಿಸಿತು. ಅಪಘಾತ ನಡೆದ ಆ ಆಗಸ್ಟ್ ತಿಂಗಳಲ್ಲೇ ಡಯಾನಾ ಗೆಳೆಯ ಡೋಡಿಯ ಜೊತೆಗಿದ್ದ ಚಿತ್ರಗಳನ್ನು ‘ಸಂಡೇ ಮಿರರ್’ ದುಡ್ಡು ಕೊಟ್ಟು ಕೊಂಡು ಅಚ್ಚು ಹಾಕಿತ್ತು. ಕೊಂಡವರು ಇವರು, ಓಡಿಸಿದವರು ಅವರು. ಇಷ್ಟು ಗೊತ್ತಿರುವಾಗ ‘ಹಸಿವು’ ಯಾಕೆ ಬೇಕು?

ಮುಂದಿನ ಸಾಲು: ‘ರಾಣಿಯ ಮೌನಕ್ಕೆ ಇಡೀ ದೇಶ ಕೆರಳಿತು.’

ಡಯಾನಾ ತೀರಿಕೊಂಡ ಆ ವಾರ ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಟ್ರೈನಿ. ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ನಮ್ಮ ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರು, ಎಲ್ಲರೂ ಬರೆದ ಸುದ್ದಿಯನ್ನೂ ಜೋರಾಗಿ ಓದಿಸುತ್ತಿದ್ದರು. ಪ್ರತಿ ವಾಕ್ಯ ಮುಗಿದ ಕೂಡಲೇ ಪೆನ್ಸಿಲಿನಿಂದ ಮೇಜು ತಟ್ಟಿ ‘ಯಾರು?’ ಅನ್ನುತ್ತಿದ್ದರು. ಅರಮನೆಯ ಮೇಲೆ ಬಾವುಟ ಅರ್ಧಕ್ಕೆ ಇಳಿದಿಲ್ಲ, ಜನ ಸಿಟ್ಟಾಗಿದ್ದಾರೆ ಎಂಬ ಸುದ್ದಿ ಬಂದಿತ್ತು. ‘ಜನ ಆಮೇಲೆ ಬರಲಿ. ಬಾವುಟ ಯಾಕಿಲ್ಲ, ಅದನ್ನ ಮೊದಲು ಹೇಳಯ್ಯಾ’ ಅಂದರು.

ಕಾರಣ ಇತ್ತು. ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಆಗ ಹಾರುತ್ತಿದ್ದುದು ರಾಜಧ್ವಜ ಮಾತ್ರ. ಅದೂ ರಾಣಿ ಒಳಗಿದ್ದಾಗ. ಅದನ್ನು ಅರ್ಧಕ್ಕೆ ಇಳಿಸುವ ಪದ್ಧತಿಯೇ ಇಲ್ಲ. ರಾಣಿ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ ಮೊಮ್ಮಕ್ಕಳ ಜೊತೆ ಇದ್ದರು. ಹಾಗಾಗಿ ಕಂಬ ಖಾಲಿ ಇತ್ತು. ‘ನಮ್ಮ ರಾಣಿ ಎಲ್ಲಿ? ಅವರ ಬಾವುಟ ಎಲ್ಲಿ?’ ಎಂದು ಸೆಪ್ಟೆಂಬರ್ 4ರಂದು ಮುಖಪುಟದಲ್ಲಿ ಕೇಳಿದ್ದು ‘ದಿ ಸನ್’ ಎಂಬ ಟ್ಯಾಬ್ಲಾಯ್ಡ್, ಅಂದರೆ ರೋಚಕ ಸುದ್ದಿಯ ಪತ್ರಿಕೆ. ಮರುದಿನ ರಾಣಿ ಲಂಡನ್ನಿಗೆ ಬಂದು ಟಿವಿಯಲ್ಲಿ ಮಾತಾಡಿದರು. ಅಂತ್ಯಕ್ರಿಯೆಯ ದಿನ ಬ್ರಿಟನ್ನಿನ ರಾಷ್ಟ್ರಧ್ವಜವಾದ ಯೂನಿಯನ್ ಧ್ವಜ ಅರ್ಧಕ್ಕೆ ಹಾರಿತು. ಜನರ ಸಿಟ್ಟು ಸುಳ್ಳಲ್ಲ. ಆದರೆ ನಾಲ್ಕು ದಿನದ ಹಿಂದಷ್ಟೇ ಆ ಸಿಟ್ಟು ಫೋಟೊಗ್ರಾಫರುಗಳ ಮೇಲೆ, ಟ್ಯಾಬ್ಲಾಯ್ಡ್‌ಗಳ ಮೇಲೆ ಇತ್ತು. ಅದು ಅರಮನೆಯ ಕಡೆ ಹೇಗೆ ತಿರುಗಿತು? ನಿಮ್ಮ ಲೇಖನದ ಜೀವ ಅಲ್ಲಿದೆ. ನೀವು ಅದನ್ನು ‘ಇಡೀ ದೇಶ’ ಅಂತ ಮುಚ್ಚಿಬಿಟ್ಟಿರಿ.

ಐದನೇ ಪುಟ: ‘ಫೋನ್‌ಗಳನ್ನು ಕದ್ದಾಲಿಸಲಾಯಿತು.’ ಯಾರಿಂದ? ‘ನ್ಯೂಸ್ ಆಫ್ ದಿ ವರ್ಲ್ಡ್’ನಲ್ಲಿ ರಾಜಮನೆತನದ ಸುದ್ದಿ ನೋಡಿಕೊಳ್ಳುತ್ತಿದ್ದ ಕ್ಲೈವ್ ಗುಡ್‌ಮನ್ ಮತ್ತು ಖಾಸಗಿ ಪತ್ತೇದಾರ ಗ್ಲೆನ್ ಮಲ್ಕೇರ್. ಗುಮಾನಿ ಹುಟ್ಟಿದ್ದು 2005ರಲ್ಲಿ, ವಿಲಿಯಂ ಮಂಡಿನೋವಿನ ಬಗ್ಗೆ ಬಂದ ಒಂದು ಸಣ್ಣ ಸುದ್ದಿಯಿಂದ. ಆ ನೋವಿನ ವಿಷಯ ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ. 2007ರಲ್ಲಿ ಇಬ್ಬರೂ ಜೈಲಿಗೆ ಹೋದರು. ಆಗ ಪತ್ರಿಕೆ ಮಾತ್ರ ಮೊದಲಿನ ಹಾಗೇ ಮಾರಾಟವಾಯಿತು. ಕೊಲೆಯಾದ ಶಾಲಾ ಹುಡುಗಿಯೊಬ್ಬಳ ವಾಯ್ಸ್‌ಮೇಲ್‌ಗೂ ಇದೇ ಪತ್ರಿಕೆ ಕೈಹಾಕಿತ್ತು ಎಂದು 2011ರಲ್ಲಿ ಬಯಲಾದಾಗ ಜನ ಸಿಡಿದೆದ್ದರು, ಪತ್ರಿಕೆ ಮುಚ್ಚಿತು. ಅರಮನೆಯವರ ಫೋನಿಗಾಗಿ ಏಳದವರು ಒಬ್ಬ ಹುಡುಗಿಯ ಫೋನಿಗಾಗಿ ಎದ್ದರು. ರಾಜಮನೆತನದ ಬಗ್ಗೆ ಜನರ ಮನಸ್ಸು ಹೇಗಿದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಿಮಗೆ ಸಿಗುವುದಿಲ್ಲ.

‘ರಾಜಭಕ್ತಿ ಬ್ರಿಟಿಷರ ರಕ್ತದಲ್ಲಿದೆ’ ಎಂಬ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. 2022ರಲ್ಲಿ ರಾಣಿಯ ಶವಪೆಟ್ಟಿಗೆ ನೋಡಲು ಥೇಮ್ಸ್ ದಂಡೆಯಲ್ಲಿ ರಾತ್ರಿಯಿಡೀ ಸರದಿಯಲ್ಲಿ ನಿಂತವರೂ ಬ್ರಿಟಿಷರೇ. ಮರುವರ್ಷ ಚಾರ್ಲ್ಸ್ ಪಟ್ಟಾಭಿಷೇಕದ ದಿನ ‘ನನ್ನ ರಾಜನಲ್ಲ’ ಎಂಬ ಫಲಕ ಹಿಡಿದು ಬಂದವರೂ ಬ್ರಿಟಿಷರೇ. ಅರಸೊತ್ತಿಗೆ ಬೇಕು ಅನ್ನುವವರೇ ಜಾಸ್ತಿ, ನಿಜ. ಆದರೆ ವಯಸ್ಸು ಇಳಿದಂತೆ ಆ ಬೆಂಬಲವೂ ಇಳಿಯುತ್ತದೆ ಎಂದು ಅಲ್ಲಿನ ಸಮೀಕ್ಷೆಗಳು ಹೇಳುತ್ತಾ ಬಂದಿವೆ. ಅಜ್ಜಿ, ಮೊಮ್ಮಗಳು ಇಬ್ಬರೂ ನಿಮ್ಮ ಲೇಖನದಲ್ಲಿ ಇರಬೇಕು ಅಲ್ವಾ?

ತಿದ್ದಿ ಕಳಿಸಿ. ಎರಡು ಪುಟ ಹೆಚ್ಚಾದರೂ ಪರವಾಗಿಲ್ಲ, ಚಿತ್ರಗಳನ್ನು ಕಡಿಮೆ ಮಾಡಿ ಜಾಗ ಕೊಡುತ್ತೇನೆ.